ಮೂರು ಗಾಜಿನ ಪೆಟ್ಟಿಗೆ, ಒಬ್ಬಳೇ ತಾಯಿ

ಮ್ಯೂಸಿಯಂ ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ದುಡ್ಡು ಕೊಟ್ಟು ಒಳಗೆ ಹೋಗಬೇಕು, ಮುಟ್ಟಬಾರದು, ಜೋರಾಗಿ ಮಾತಾಡಬಾರದು, ಕಾಲು ನೋವು ಅಂತ ಕೂರೋಣ ಅಂದರೆ ಬೆಂಚು ಇನ್ನೆಲ್ಲೋ ಇರುತ್ತದೆ. ನಾನು ಮಂಡ್ಯದ ಕಡೆಯವಳು. ಬಾಯಿ ಮುಚ್ಚಿಕೊಂಡು ಏನನ್ನಾದರೂ ನೋಡು ಅಂದರೆ ನಮಗೆ ಅದೇ ಶಿಕ್ಷೆ. ಅಂಥವಳು ಎರಡು ಸಾವಿರನೇ ಇಸವಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ಮ್ಯೂಸಿಯಮ್ಮಿಗೆ ಮತ್ತೆ ಮತ್ತೆ ಹೋದೆ, ಜಗಳ ಆಡಿದೆ, ಅಂಗಲಾಚಿದೆ, ಕೊನೆಗೆ ಏನೂ ಕಡಿದು ಕಟ್ಟೆ ಹಾಕಲಾಗದೆ ಮನೆಗೆ ಬಂದೆ. ಎಲ್ಲ ಲೋಲಾಗೋಸ್ಕರ.

ಲೋಲಾ ಅನ್ನುವುದು ಹೆಸರಲ್ಲ. ಫಿಲಿಪೀನ್ಸಿನವರ ಮಾತಿನಲ್ಲಿ ಅಜ್ಜಿಗೆ ಹಾಗನ್ನುತ್ತಾರೆ. ಅವರು ಯೂನಿಯನ್ ಸಿಟಿಯಲ್ಲಿ, ಮಗನ ಮನೆಯ ಮುಂದಿನ ಎರಡು ಕೋಣೆಯಲ್ಲಿ ಡೇಕೇರು ನಡೆಸುತ್ತಿದ್ದರು. ನಾವಿದ್ದದ್ದು ಪಕ್ಕದ ನೆವಾರ್ಕಿನಲ್ಲಿ. ಬೆಳಿಗ್ಗೆ ಮಗಳನ್ನು ಲೋಲಾ ಹತ್ತಿರ ಬಿಟ್ಟು ನಾನು ಸೇತುವೆ ದಾಟಿ ಆಫೀಸಿಗೆ ಹೋಗುತ್ತಿದ್ದೆ. ನಮ್ಮದು ಇಂಟರ್ನೆಟ್ಟಿನಲ್ಲೇ ವ್ಯಾಪಾರ ಮಾಡುವ ಡಾಟ್‌ಕಾಮ್ ಕಂಪನಿ. ಏನು ಮಾರುತ್ತೇವೆ ಅಂತ ಮಾಲೀಕರಿಗೇ ಸರಿಯಾಗಿ ಗೊತ್ತಿರಲಿಲ್ಲ, ಅದನ್ನು ಟೆಸ್ಟು ಮಾಡುವುದು ಮಾತ್ರ ನನ್ನ ಕೆಲಸ. ಫ್ರೀವೇ ಉದ್ದಕ್ಕೂ ಅಂಥದೇ ಕಂಪನಿಗಳ ಬೋರ್ಡು. ಒಂದು ನಾಯಿಗೆ ಬಿಸ್ಕತ್ತು ಮಾರುತ್ತಿತ್ತು, ಇನ್ನೊಂದು ಮನೆ ಬಾಗಿಲಿಗೆ ಐಸ್‌ಕ್ರೀಮು ತಂದುಕೊಡುತ್ತಿತ್ತು. ನನ್ನ ಗಂಡ ದಿನಾ ರಾತ್ರಿ ಊಟ ಮಾಡುತ್ತಾ ನಮ್ಮ ಶೇರು ಎಷ್ಟಾಯಿತು ಅಂತ ಹೇಳುತ್ತಿದ್ದ. ನಾನು ಆಯ್ತಪ್ಪ ಅನ್ನುತ್ತಿದ್ದೆ.

ಡೇಕೇರು ನೋಡಲು ಹೋದ ಮೊದಲ ದಿನ ಬಾಗಿಲು ತೆಗೆದ ಕೂಡಲೇ ಎದುರಿಗೆ ಕಂಡದ್ದು ತಾಯಿ. ಮೇರಿ ಮಾತೆ ಅನ್ನಬೇಕೇನೋ, ಆದರೆ ಆ ಮನೆಯಲ್ಲಿ ಎಲ್ಲರೂ ಬರೀ ತಾಯಿ ಅಂತಲೇ ಅನ್ನುತ್ತಿದ್ದರು. ಐದು ವರ್ಷದ ಮಗುವಿನಷ್ಟು ಎತ್ತರದ ವಿಗ್ರಹ. ನೀಲಿ ರೇಷ್ಮೆಯ ನಿಲುವಂಗಿ, ಅದರ ತುಂಬ ಜರಿ ಕಸೂತಿ. ತಲೆಗೆ ಕಿರೀಟ, ಕಿರೀಟದ ಕೆಳಗಿಂದ ಸೊಂಟದವರೆಗೆ ಇಳಿದ ಕಪ್ಪು ಕೂದಲು. ನಾನು ಯೋಚನೆ ಕೂಡ ಮಾಡದೆ ಚಪ್ಪಲಿ ಬಿಟ್ಟು ಕೈ ಮುಗಿದೆ. ಲೋಲಾ ನನ್ನನ್ನೇ ನೋಡುತ್ತಿದ್ದರು. ಫೋನಿನಲ್ಲಿ ಜಾಗವೇ ಇಲ್ಲ ಅಂದಿದ್ದವರು "ಸೋಮವಾರದಿಂದ ಮಗೂನ ಕರ್ಕೊಂಡು ಬಾ" ಅಂದುಬಿಟ್ಟರು.

ಶನಿವಾರ ತಾಯಿಗೆ ತಲೆ ಬಾಚುವ ದಿನ. ಆ ಹೊತ್ತಿಗೆ ಲೋಲಾ ಕಿಟಕಿಯ ಕರ್ಟನ್ನು ಎಳೆದು, ಮಗನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಂಡಸರು ನೋಡುವ ಹಾಗಿಲ್ಲ. ಬಟ್ಟೆ ಬದಲಿಸುವುದಂತೂ ವರ್ಷಕ್ಕೊಂದು ಸಲ, ಅದೂ ಹೆಂಗಸರೇ, ಅದರಲ್ಲೂ ಆ ಮನೆತನದ ಹೆಂಗಸರೇ ಮಾಡಬೇಕು. ಒಂದು ಶನಿವಾರ ನನಗೆ ಆಫೀಸಿತ್ತು, ಮಗಳನ್ನು ಬಿಡಲು ಹೋದೆ. ನೀನು ಹೆಂಗಸು ತಾನೆ, ಬಾ ಅಂತ ಒಳಗೆ ಕರೆದರು. ಕೂದಲನ್ನು ತೊಡೆಯ ಮೇಲೆ ಹಾಕಿಕೊಂಡು ಸಿಕ್ಕು ಬಿಡಿಸುತ್ತಾ ಹೇಳಿದರು, "ಇದು ನನ್ನ ಮಗಳದು."

ಅವರ ಮಗಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದು, ಆಸ್ಪತ್ರೆಯವರು ಕೈ ಚೆಲ್ಲಿದರಂತೆ. ಆಗ ಲೋಲಾ ಹರಕೆ ಹೊತ್ತರು. ಜ್ವರ ಇಳಿಯಿತು. ಹುಡುಗಿಯ ಉದ್ದ ಕೂದಲನ್ನು ಕತ್ತರಿಸಿ, ಟೋಪಿಯ ಹಾಗೆ ಹೊಲಿಸಿ ತಾಯಿಯ ತಲೆಗೆ ಇಟ್ಟರು. ನಮ್ಮಲ್ಲೂ ಮುಡಿ ಕೊಡುತ್ತೇವೆ, ಆದರೆ ಕೊಟ್ಟ ಮೇಲೆ ಅದು ಎಲ್ಲಿ ಹೋಯಿತು ಅಂತ ಯಾರು ಕೇಳುತ್ತಾರೆ? ಇವರಲ್ಲಿ ಕೊಟ್ಟದ್ದು ಕಣ್ಣೆದುರಿಗೇ ಇರುತ್ತದೆ. ಆ ಮಗಳು ಈಗ ದೊಡ್ಡವಳು. ಕೊಲ್ಲಿ ದೇಶದ ಯಾರದೋ ಮನೆಯಲ್ಲಿ ಕೆಲಸಕ್ಕಿದ್ದಳು. ಪಾಸ್‌ಪೋರ್ಟು ಮನೆಯೊಡತಿಯ ಹತ್ತಿರ. ಅವಳನ್ನು ಅಮೆರಿಕಕ್ಕೆ ಕರೆಸಲು ಹಾಕಿದ್ದ ಅರ್ಜಿ ಯಾವ ಕಾಲದಿಂದಲೋ ಸರದಿಯಲ್ಲಿ ಕೂತಿತ್ತು. ತಿಂಗಳ ಮೊದಲನೇ ಭಾನುವಾರ ಅವಳು ಫೋನು ಮಾಡುತ್ತಿದ್ದಳು.

"ಅವಳ ಕೂದಲು ತಾಯಿ ತಲೆ ಮೇಲೆ ಇರೋ ತನಕ ಅವಳಿಗೆ ಏನೂ ಆಗಲ್ಲ" ಅಂದರು ಲೋಲಾ. ಇವತ್ತು ಬಿಸಿಲು ಜಾಸ್ತಿ ಅಂದ ಹಾಗೆ ಅಂದರು.

ಮ್ಯೂಸಿಯಮ್ಮಿನವಳು ಬಂದದ್ದು ಅವರ ಚರ್ಚಿಗೆ. ಚಿಕ್ಕ ವಯಸ್ಸಿನ ಹುಡುಗಿ, ಅವಳೂ ಫಿಲಿಪೀನ್ಸಿನವರ ಮಗಳೇ, ಆದರೆ ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮ ಕಲೆ, ನಮ್ಮ ಹಿರಿಯರ ಸಾಮಾನು ಎಲ್ಲ ಸೇರಿಸಿ ಒಂದು ದೊಡ್ಡ ಪ್ರದರ್ಶನ ಮಾಡುತ್ತಿದ್ದೇವೆ, ನಿಮ್ಮ ಮನೆಗಳಲ್ಲಿ ಇರುವುದನ್ನೂ ಸ್ವಲ್ಪ ದಿನಕ್ಕೆ ಕೊಡಿ ಅಂತ ಕೇಳಿದಳು. ಲೋಲಾ ಎರಡನೇ ಮಾತಿಲ್ಲದೆ ಒಪ್ಪಿದರು. ಅವರ ಕಡೆ ತಾಯಿ ಹೀಗೆ ಮನೆಯಿಂದ ಮನೆಗೆ ಹೋಗುವುದು ವಾಡಿಕೆ. ಒಂದು ವಾರ ಈ ಮನೆ, ಇನ್ನೊಂದು ವಾರ ಆ ಮನೆ. ಹೋದ ಮನೆಯವರು ಹೂವು ಇಡುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಊಟ ಹಾಕುತ್ತಾರೆ, ಆಮೇಲೆ ಹೊತ್ತುಕೊಂಡು ಬಂದು ಬಿಟ್ಟುಹೋಗುತ್ತಾರೆ. ಮ್ಯೂಸಿಯಂ ಅಂದರೆ ಅದೂ ಒಂದು ಮನೆ, ಸ್ವಲ್ಪ ದೊಡ್ಡದು, ನೆಂಟರು ಜಾಸ್ತಿ ಅಂದುಕೊಂಡರು. ನಮ್ಮ ಕಡೆಯೂ ದೇವರು ಪಲ್ಲಕ್ಕಿಯಲ್ಲಿ ಊರು ಸುತ್ತುತ್ತದಲ್ಲ, ನನಗೂ ಅದರಲ್ಲಿ ಏನೂ ವಿಚಿತ್ರ ಅನ್ನಿಸಲಿಲ್ಲ. ಹೊರಡುವ ದಿನ ತಾಯಿಗೆ ಅತ್ಯಂತ ಒಳ್ಳೆಯ ಅಂಗಿ ಹಾಕಿ, ಇನ್ನೆರಡು ಜೊತೆ ಬಟ್ಟೆ ಸೂಟ್‌ಕೇಸಿನಲ್ಲಿ ಇಟ್ಟು, ವ್ಯಾನಿನಲ್ಲಿ ಕೂರಿಸಿ ಸೀಟ್ ಬೆಲ್ಟು ಹಾಕಿದರು. ಕಾಗದಕ್ಕೆ ಸಹಿ ಹಾಕಿದ್ದು ಮಗ. ಲೋಲಾ ಬೀದಿ ಕೊನೆಯವರೆಗೂ ಕೈ ಬೀಸುತ್ತಿದ್ದರು, ಮಗಳನ್ನು ಬಸ್ಸು ಹತ್ತಿಸಿದವರ ಹಾಗೆ.

ಪ್ರದರ್ಶನ ಶುರುವಾದ ಮೊದಲ ಭಾನುವಾರ ನಾವು ಮೂವರೂ, ಅಂದರೆ ಲೋಲಾ, ನಾನು, ನನ್ನ ಮಗಳು, ಟ್ರೇನು ಹಿಡಿದು ಹೋದೆವು. ಲೋಲಾ ಲೇಸಿನ ಕುಪ್ಪಸ, ಮುತ್ತಿನ ಓಲೆ, ಒಂದು ಕೈಯಲ್ಲಿ ಹೂವಿನ ಗುಚ್ಛ. ಹೂವು ಒಳಗೆ ತರುವ ಹಾಗಿಲ್ಲ ಅಂತ ಬಾಗಿಲಿನವರು ತೆಗೆದಿಟ್ಟುಕೊಂಡರು. ನನಗೆ ಅಲ್ಲಿಂದಲೇ ಮೈ ಉರಿಯಲು ಶುರುವಾಯಿತು.

ಸುಳ್ಳು ಯಾಕೆ ಹೇಳಲಿ, ಮೊದಲ ಕೋಣೆ ನೋಡಿ ನಾನು ಮರುಳಾದೆ. ಎರಡು ಮರದ ಗೊಂಬೆ, ಗಂಡು ಹೆಣ್ಣು, ಮಂಡಿಯ ಮೇಲೆ ಕೈ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತಿವೆ. ಗುಡ್ಡದ ಮೇಲೆ ಗದ್ದೆ ಮಾಡುವವರ ಭತ್ತದ ಕಣಜ ಕಾಯುವ ದೇವರಂತೆ. ಹೊಸ ಬೆಳೆ ಬಂದಾಗ ಬಲಿಯ ರಕ್ತ, ಅಕ್ಕಿಯ ಹೆಂಡ ಬಳಿದು ಬಳಿದು ಮೈ ಕರ್ರಗೆ ಮಿರಮಿರ ಮಿಂಚುತ್ತಿತ್ತು. ನಮ್ಮ ಕಣದಲ್ಲಿ ಭತ್ತದ ರಾಶಿಯ ನೆತ್ತಿಗೆ ಸಗಣಿಯ ಬೆನಕನನ್ನು ಕೂರಿಸಿ ಗರಿಕೆ ಸಿಕ್ಕಿಸುತ್ತಿದ್ದ ನನ್ನಪ್ಪನ ಬೆರಳು ನೆನಪಾಯಿತು. "ಲೋಲಾ, ಇವರು ನಮ್ಮವರೇ!" ಅಂತ ಕೂಗಿಬಿಟ್ಟೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು, ನೋಡಲಿ. ಮುಂದಿನ ಕೋಣೆಯಲ್ಲಿ ಅನಾನಸ್ ಎಲೆಯ ನಾರಿನಿಂದ ನೇಯ್ದ ಬಟ್ಟೆ, ಊದಿದರೆ ಹಾರಿಹೋಗುವಷ್ಟು ತೆಳು. ಲೋಲಾ ಅದರ ಹೊಲಿಗೆ ಹೇಗೆ ಹಾಕುತ್ತಾರೆ ಅಂತ ಬೆರಳು ಆಡಿಸಿ ನನ್ನ ಮಗಳಿಗೆ ಹೇಳಿಕೊಡುತ್ತಿದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ತಾಯಿ ಇದ್ದದ್ದು ಕೊನೆಯ ಕೋಣೆಯಲ್ಲಿ. ಒಂದಲ್ಲ, ಮೂರು ಗಾಜಿನ ಪೆಟ್ಟಿಗೆಯಲ್ಲಿ.

ಮೊದಲನೆಯದರಲ್ಲಿ ಅವಳ ತಲೆ, ಎರಡು ಕೈ, ಅವನ್ನು ಸಿಕ್ಕಿಸಿದ್ದ ಮೈ. ಮೈ ಅಂದರೆ ಮೈಯಲ್ಲ. ಮರದ ಪಟ್ಟಿಗಳನ್ನು ಬುಟ್ಟಿ ಬೋರಲು ಹಾಕಿದ ಹಾಗೆ ಜೋಡಿಸಿ ಮೊಳೆ ಹೊಡೆದ ಚೌಕಟ್ಟು. ಅಂಗಿಯ ಒಳಗೆ ಇರುವುದು ಅಷ್ಟೇ, ಯಾರೂ ನೋಡಬಾರದ್ದು ಅದು. ತಲೆ ಬೋಳು. ನೆತ್ತಿಯ ಮೇಲೆ ಒಂದು ಮೊಳೆ. ಎರಡನೆಯದರಲ್ಲಿ ನೀಲಿ ಅಂಗಿಯನ್ನು ತೋಳು ಅಗಲಿಸಿ ಹಲಗೆಗೆ ಮಲಗಿಸಿದ್ದರು. ಮೂರನೆಯದರಲ್ಲಿ ಒಂದು ಕಂಬಿ, ಕಂಬಿಯ ಮೇಲೆ ಕೂದಲು. ಕೆಳಗೆ ಚೀಟಿ: ಮನುಷ್ಯರ ಕೂದಲು, ಹತ್ತಿ ದಾರ. ಯಾರ ಕೂದಲು ಅಂತ ಇರಲಿಲ್ಲ.

ಲೋಲಾ ಮೊದಲು ಮಾಡಿದ್ದು ಇಷ್ಟು. ಹಿಂದಿನಿಂದ ಗಂಡಸರು ಬರುತ್ತಿದ್ದರು. ಅವರಿಗೆ ಕಾಣದ ಹಾಗೆ ತಮ್ಮ ಸ್ವೆಟರಿನ ಎರಡೂ ಅಂಚನ್ನು ಹಿಡಿದು ರೆಕ್ಕೆಯ ಹಾಗೆ ಅಗಲಿಸಿ ಗಾಜಿಗೆ ಅಡ್ಡ ನಿಂತರು. ಗಾರ್ಡು ಬಂದು ಸ್ವಲ್ಪ ಹಿಂದೆ ಸರಿಯಿರಿ, ಬೇರೆಯವರೂ ನೋಡಬೇಕು ಅಂದ. ಮೆತ್ತಗೇ ಅಂದ ಪಾಪ. ಲೋಲಾ "ಸಾರಿ ಸರ್" ಅಂತ ಸರಿದುಬಿಟ್ಟರು. ನನಗೆ ರಕ್ತ ಕುದಿಯಿತು. ಅವನಿಗೆ ಯಾಕೆ ಸಾರಿ? ಆದರೆ ಲೋಲಾ ನನ್ನ ಮೊಣಕೈ ಹಿಡಿದುಕೊಂಡರು.

"ಅಂಗಿ ಹಾಕದಿದ್ರೂ ಹೋಗಲಿ. ಕೂದಲು ತಲೆ ಮೇಲೆ ಇಡಿಸು ಮಗಳೇ. ನಿನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ನೀನು ಹೇಳು."

ಮಾರನೇ ದಿನವೇ ಆಫೀಸಿಗೆ ಹುಷಾರಿಲ್ಲ ಅಂತ ಹೇಳಿ ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ದಾರಿಯುದ್ದಕ್ಕೂ ಬಾಯಲ್ಲೇ ಜಗಳ ತಯಾರು ಮಾಡಿಕೊಂಡಿದ್ದೆ. ನಮ್ಮಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಬಿಂದಿಗೆಗೆ ಕೋಲು ಕಟ್ಟಿ, ಬೆಳ್ಳಿ ಮುಖ ಇಟ್ಟು, ನೆರಿಗೆ ಹಿಡಿದು ಸೀರೆ ಉಡಿಸುತ್ತೇವೆ. ಒಳಗಿರುವುದು ಬಿಂದಿಗೆ ಅಂತ ಮನೆಯ ಮಕ್ಕಳಿಗೂ ಗೊತ್ತು. ಹಾಗಂತ ಯಾರಾದರೂ ಬಂದು ಸೀರೆ ಬಿಚ್ಚಿ, ಆಹಾ ನೋಡಿ ಎಂಥ ಬಿಂದಿಗೆ, ಎಂಥ ಕೋಲು ಅಂತ ದೀಪ ಹಾಕಿ ತೋರಿಸಿದರೆ ಸುಮ್ಮನೆ ಬಿಡುತ್ತೇವಾ? ಇದನ್ನೆಲ್ಲ ಒಂದೇ ಉಸಿರಿಗೆ ಅವಳ ಮುಖದ ಮೇಲೆ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ನೆರಿಗೆ ಅನ್ನುವುದಕ್ಕೆ ಮಾತೇ ಸಿಗಲಿಲ್ಲ, ನನ್ನ ಚೂಡಿದಾರದ ದುಪಟ್ಟಾ ಹಿಡಿದು ಮಾಡಿ ತೋರಿಸಿದೆ.

ಅವಳು ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಕುರ್ಚಿ ಎಳೆದು ಕೂರಿಸಿದಳು. ಬಟ್ಟೆಯಲ್ಲಿ, ಕೂದಲಲ್ಲಿ ಹುಳ ಇತ್ತಂತೆ, ಅದನ್ನು ಸಾಯಿಸಲು ಎರಡನ್ನೂ ಬಿಚ್ಚಿ ವಾರಗಟ್ಟಲೆ ಫ್ರೀಜರಿನಲ್ಲಿ ಇಟ್ಟಿದ್ದರಂತೆ. ಅಯ್ಯೋ ಶಿವನೇ ಅಂದುಕೊಂಡೆ. ಈ ಫ್ರೀಜರಿನ ವಿಷಯ ಲೋಲಾಗೆ ನಾನು ಇವತ್ತಿಗೂ ಹೇಳಿಲ್ಲ. ಬಿಚ್ಚಿದ ಮೇಲೆ ಒಳಗಿನ ಮರಗೆಲಸ ನೋಡಿ ಇದನ್ನೇ ಜನರಿಗೆ ತೋರಿಸಬೇಕು ಅನ್ನಿಸಿತಂತೆ. "ನಮ್ಮಜ್ಜಿ ಮನೇಲೂ ಒಂದಿತ್ತು" ಅಂದಳು. "ನನಗೆ ಯಾರೂ ಏನೂ ಹೇಳಿಕೊಡಲಿಲ್ಲ. ಭಾಷೆ ಕಲಿಸಲಿಲ್ಲ, ಬಾಗಿಲು ಹಾಕ್ಕೊಂಡು ಒಳಗೆ ಏನು ಮಾಡ್ತಾರೆ ಅಂತ ಹೇಳಲಿಲ್ಲ. ಅಜ್ಜಿ ಸತ್ತ ಮೇಲೆ ಅದನ್ನ ಯಾರೋ ಮಾರಿಬಿಟ್ಟರು. ಒಳಗೆ ಹೇಗಿರುತ್ತೆ ಅಂತ ಒಂದು ಸಲ ನೋಡಬೇಕಿತ್ತು ನನಗೆ."

ತಯಾರು ಮಾಡಿಕೊಂಡಿದ್ದ ಉಳಿದ ಜಗಳ ಅಲ್ಲೇ ಬಿಟ್ಟೆ. ಲೋಲಾ ಮಗಳ ವಿಷಯ, ಹರಕೆಯ ವಿಷಯ ನಿಧಾನವಾಗಿ ಹೇಳಿದೆ. ಅವಳ ಕಣ್ಣು ತುಂಬಿತು. ಸರಿ, ಕೂದಲನ್ನು ತಲೆಗೆ ಇಡಿಸೋಣ ಅಂದಳು. ಆದರೆ ಅವಳೇ ಮುಟ್ಟುವ ಹಾಗಿಲ್ಲವಂತೆ. ಹಳೆಯ ಬಟ್ಟೆ, ಕೂದಲು ಇಂಥವನ್ನು ಮುಟ್ಟಲು ಕಲಿತವಳು ಒಬ್ಬಳಿದ್ದಾಳೆ, ಗುತ್ತಿಗೆಯ ಮೇಲೆ ಬರುತ್ತಾಳೆ, ಮುಂದಿನ ಸಲ ಬಂದಾಗ ಪೆಟ್ಟಿಗೆ ತೆಗೆಸುತ್ತೇನೆ ಅಂದಳು. ಹೆಂಗಸಾ ಅಂತ ಕೇಳಿದೆ. ಹೆಂಗಸೇ. ನನಗೆ ರೆಕ್ಕೆ ಬಂದ ಹಾಗಾಯಿತು. ಆ ಸಂಜೆ ಲೋಲಾ ತೆಂಗಿನ ಹಾಲು, ಬೆಲ್ಲ ಹಾಕಿ ಅಂಟಕ್ಕಿಯ ಸಿಹಿ ಮಾಡಿ, ಬಾಳೆ ಎಲೆಯಲ್ಲಿ ಕಟ್ಟಿ ನನ್ನ ಗಂಡನಿಗೂ ಕಳಿಸಿದರು.

ಅದು ಮಾರ್ಚಿನ ಕೊನೆಯೋ ಏಪ್ರಿಲ್ಲೋ. ಪ್ರದರ್ಶನಕ್ಕೆ ದುಡ್ಡು ಕೊಡುತ್ತಿದ್ದದ್ದು ಒಂದು ಡಾಟ್‌ಕಾಮ್ ಕಂಪನಿ. ಬಾಗಿಲಲ್ಲಿ ಅದರ ಹೆಸರು ಫಿಲಿಪೀನ್ಸ್ ಅನ್ನುವುದಕ್ಕಿಂತ ದೊಡ್ಡದಾಗಿತ್ತು. ಶೇರುಗಳು ಬೀಳಲು ಶುರುವಾದದ್ದು ಆಗಲೇ. ನನ್ನ ಗಂಡ ಊಟದ ಹೊತ್ತಿನಲ್ಲಿ ಶೇರಿನ ಮಾತು ನಿಲ್ಲಿಸಿದ. ಒಂದೆರಡು ತಿಂಗಳಲ್ಲೇ ಆ ಕಂಪನಿಯೂ ಬಾಗಿಲು ಹಾಕಿತು, ಮ್ಯೂಸಿಯಮ್ಮಿಗೆ ಬರಬೇಕಾಗಿದ್ದ ಉಳಿದ ದುಡ್ಡು ಬರಲಿಲ್ಲ. ಗುತ್ತಿಗೆಯವಳು ಮೊದಲು ಮುಂದಿನ ವಾರ, ಆಮೇಲೆ ಮುಂದಿನ ತಿಂಗಳು, ಕೊನೆಗೆ ಇನ್ನು ಬರುವುದೇ ಇಲ್ಲ ಅಂತಾಯಿತು. ಬೇರೆ ಯಾರಾದರೂ ಮುಟ್ಟಿದರೆ ವಿಮೆಯವರು ಒಪ್ಪುವುದಿಲ್ಲವಂತೆ. ಹಾಗಾದರೆ ನಮ್ಮ ತಾಯಿಯನ್ನು ವಾಪಸ್ಸು ಕೊಡಿ ಅಂದೆ. ಪ್ರದರ್ಶನ ಮುಗಿಯುವ ತನಕ ಕೊಡುವ ಹಾಗಿಲ್ಲವಂತೆ, ಕಾಗದದಲ್ಲೇ ಹಾಗಿದೆಯಂತೆ. ಇಲ್ಲಿಯ ಬೇಸಿಗೆ ಮುಗಿಯಬೇಕು, ಅಂದರೆ ಸೆಪ್ಟೆಂಬರ್ ಬರಬೇಕು. ಫೋನಿನಲ್ಲಿ ಅವಳ ಮೇಲೆ ಕಿರುಚಿದೆ. ಅವಳು ಕೇಳಿಸಿಕೊಂಡು, "ನನಗೂ ಈ ತಿಂಗಳೇ ಕೊನೆ, ನನ್ನನ್ನೂ ತೆಗೆದಿದ್ದಾರೆ" ಅಂದಳು. ಇನ್ನು ಯಾರ ಹತ್ತಿರ ಜಗಳ ಆಡಲಿ? ಫೋನು ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತೆ.

ಲೋಲಾ ಅಳಲಿಲ್ಲ. ಆದರೆ ಜೂನ್ ತಿಂಗಳ ಮೊದಲನೇ ಭಾನುವಾರ ಮಗಳ ಫೋನು ಬರಲಿಲ್ಲ. ಜುಲೈನಲ್ಲೂ ಬರಲಿಲ್ಲ. ಮಗ ಅಲ್ಲಿಯ ಎಂಬೆಸಿಗೆ, ಕೆಲಸಕ್ಕೆ ಕಳಿಸಿದ ಏಜೆನ್ಸಿಗೆ ಫೋನು ಮಾಡಿ ಮಾಡಿ ಸಾಕಾದ. ವಿಚಾರಿಸುತ್ತೇವೆ ಅನ್ನುತ್ತಿದ್ದರು, ಅಷ್ಟೆ. ನಾನು ಬುದ್ಧಿವಂತೆಯ ಹಾಗೆ ಸಮಾಧಾನ ಹೇಳಿದೆ. ಲೈನು ಸರಿ ಇಲ್ಲದಿರಬಹುದು, ಮನೆ ಬದಲಾಯಿಸಿರಬಹುದು, ಅದಕ್ಕೂ ಕೂದಲಿಗೂ ಏನು ಸಂಬಂಧ ಲೋಲಾ ಅಂದೆ. ಅವರು ನನ್ನ ಮಗಳ ಕಡೆ ನೋಡಿದರು. ನಾನೇ ಬೆಳಿಗ್ಗೆ ಅವಳ ಕೆನ್ನೆಗೆ ಇಟ್ಟು ಕಳಿಸಿದ್ದ ದೃಷ್ಟಿಬೊಟ್ಟು ಹಾಗೇ ಇತ್ತು.

ಆಮೇಲಿಂದ ಪ್ರತಿ ಶನಿವಾರ ನಾನು ಅವರನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುತ್ತಿದ್ದೆ. ಬೋಳು ತಲೆಯ ಪೆಟ್ಟಿಗೆಗೂ ಕೂದಲಿನ ಪೆಟ್ಟಿಗೆಗೂ ನಡುವೆ ಆರೇಳು ಹೆಜ್ಜೆ ಇರಬಹುದು. ಲೋಲಾ ಆ ನಡುವೆ ನಿಂತು ಜಪ ಮಾಡುತ್ತಿದ್ದರು. ನನ್ನ ಅಜ್ಜಿಯೂ ಬೋಳು ತಲೆಯವಳು, ಗಂಡ ಸತ್ತಾಗ ತಲೆ ಬೋಳಿಸಿದ್ದರು, ಕೊನೆಯ ತನಕ ಸೆರಗು ಜಾರದ ಹಾಗೆ ಹಿಡಿದುಕೊಂಡೇ ಓಡಾಡಿದಳು. ಆ ಗಾಜಿನ ಮುಂದೆ ನನಗೆ ಸುಮ್ಮನೆ ನಿಲ್ಲಲು ಆಗುತ್ತಿರಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಕಂಡ ಕಂಡ ದೇವರನ್ನೆಲ್ಲ ಬೈಯುತ್ತಿದ್ದೆ. ಅಷ್ಟು ಓದಿ, ಅಷ್ಟು ದೊಡ್ಡ ಬಾಯಿ ಇಟ್ಟುಕೊಂಡು, ಆರೇಳು ಹೆಜ್ಜೆ ದೂರ ಇರುವ ಒಂದು ಹಿಡಿ ಕೂದಲನ್ನು ಅದರ ಜಾಗಕ್ಕೆ ಇಡಿಸಲು ನನ್ನ ಕೈಲಿ ಆಗಲಿಲ್ಲ.

ಆಗಸ್ಟಿನ ಮೊದಲನೇ ಭಾನುವಾರವೂ ಫೋನು ಬರಲಿಲ್ಲ. ಸೋಮವಾರ ಸಂಜೆ ಮಗಳನ್ನು ಕರೆದುಕೊಂಡು ಬರಲು ಹೋದೆ. ಬೇರೆ ಮಕ್ಕಳೆಲ್ಲ ಹೋಗಿಯಾಗಿತ್ತು. ತಾಯಿ ಇರುತ್ತಿದ್ದ ಮೇಜು ಖಾಲಿ, ಮೇಲೆ ಹಾಸಿದ ಬಿಳಿ ಬಟ್ಟೆ ಮಾತ್ರ. ಲೋಲಾ ಮಲಗುವ ಕೋಣೆಯಲ್ಲಿದ್ದ ತಾಯಿಯ ಗೇಣುದ್ದದ ಚಿಕ್ಕ ವಿಗ್ರಹವನ್ನೂ ಅಲ್ಲಿ ತಂದಿಟ್ಟಿರಲಿಲ್ಲ. ಲೋಲಾ ನನ್ನ ಮಗಳ ಎರಡೂ ಜಡೆ ಬಿಚ್ಚಿ ಬಾಚುತ್ತಿದ್ದರು. ಅವಳದು ಇನ್ನೂ ಹುಟ್ಟುಗೂದಲು. ಮೊದಲ ಮುಡಿ ನಮ್ಮ ಮನೆದೇವರಿಗೇ ಕೊಡಬೇಕು, ಊರಿಗೆ ಹೋಗೋಣ ಅಂದರೆ ಗ್ರೀನ್ ಕಾರ್ಡಿನ ಕಾಗದ ನಡುವೆ ಸಿಕ್ಕಿಕೊಂಡಿತ್ತು, ಹಾಗಾಗಿ ಕತ್ತರಿ ಸೋಕಿಸದೆ ಬೆನ್ನಿನ ತನಕ ಬೆಳೆದಿತ್ತು. ಊರಿನಿಂದ ನಮ್ಮತ್ತೆ ಫೋನು ಮಾಡಿದಾಗಲೆಲ್ಲ ಕತ್ತರಿ ಹಾಕೀರಿ ಜೋಕೆ ಅನ್ನುತ್ತಿದ್ದರು.

ಲೋಲಾ ಆ ಕೂದಲನ್ನು ಬಾಚುತ್ತಿದ್ದದ್ದು ನೋಡುತ್ತಾ ನಿಂತವಳಿಗೆ ಏನಾಯಿತೋ ಗೊತ್ತಿಲ್ಲ. ಮನೆದೇವರು, ಅತ್ತೆ, ಗಂಡ, ಯಾರೂ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

"ಇದನ್ನ ತಗೊಳ್ಳಿ ಲೋಲಾ" ಅಂದೆ. "ಈಗಲೇ ಕತ್ತರಿಸಿ. ನಿಮ್ಮ ಹತ್ತಿರ ತಾಯೀದು ಚಿಕ್ಕದೊಂದು ಇದೆಯಲ್ಲ ಒಳಗೆ, ಅದಕ್ಕೆ ಹೊಲಿದು ಇಡಿ. ಇವತ್ತೇ ಇಡಿ."

ಬಾಚುತ್ತಿದ್ದ ಕೈ ನಿಂತಿತು. ಲೋಲಾ ನನ್ನನ್ನು ನೋಡಿದರು. ಕೋಪ ಇರಲಿಲ್ಲ, ಪ್ರೀತಿಯೇ ಇತ್ತು, ಅದನ್ನೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಮಗಳ ಕೂದಲನ್ನು ಮತ್ತೆ ಎರಡು ಭಾಗ ಮಾಡಿ, ಮೊದಲಿನಂತೆಯೇ ಬಿಗಿಯಾಗಿ ಎರಡೂ ಜಡೆ ಹೆಣೆದು, ತುದಿಗೆ ಬ್ಯಾಂಡು ಹಾಕಿ ಅವಳನ್ನು ನನ್ನ ಕಡೆ ಕಳಿಸಿದರು.

"ನಿನ್ನ ಮಗಳ ಕೂದಲು ಇಟ್ರೆ ತಾಯಿ ನಿನ್ನ ಮಗಳನ್ನ ನೋಡ್ಕೋತಾಳೆ ಕಣಮ್ಮ" ಅಂದರು. "ನನ್ನ ಮಗಳನ್ನ ಯಾರು ನೋಡ್ಕೋಬೇಕು?"

ಮಗಳು ಮನೆಗೆ ಹೋಗೋಣ ಅಂತ ಇಂಗ್ಲಿಷಿನಲ್ಲಿ ರಾಗ ಎಳೆಯುತ್ತಿದ್ದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನಿಂತಿದ್ದೆ.